ಮಡಚುವ ಫೋನ್ ಕೊಳ್ಳುವ ಮುನ್ನ: ಅಂಗಡಿಯಲ್ಲೇ ನಿಂತು ತೂಗಿ ನೋಡುವ ಬಗೆ

ಫ್ಲಿಪ್ ಫೋನ್ ಕೈಗೆ ಸಿಕ್ಕವರೆಲ್ಲ ಮೊದಲು ಮಾಡುವುದು ಒಂದೇ ಕೆಲಸ: ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಆ ‘ಟಪ್’ ಸದ್ದಿಗೇ ಮನಸ್ಸು ಅರ್ಧ ಸೋತಿರುತ್ತದೆ. ಅಂಗಡಿಯವರಿಗೂ ಅದು ಗೊತ್ತು. ಆದರೆ ತೆರೆದ ಮೇಲೆ ಇದು 6.7ರಿಂದ 6.9 ಇಂಚಿನ ಇನ್ನೊಂದು ಆಂಡ್ರಾಯ್ಡ್ ಫೋನ್, ಅಷ್ಟೇ. ಕ್ಯಾಮೆರಾ, ಬ್ಯಾಟರಿ ಎರಡರಲ್ಲೂ ಅದೇ ಬೆಲೆಯ ಸಾದಾ ಫೋನಿಗಿಂತ ಒಂದು ಕೈ ಹಿಂದೆ. ನೀವು ಹೆಚ್ಚಿಗೆ ತೆರುವ ದುಡ್ಡೆಲ್ಲ ಮುಚ್ಚಿದ ಫೋನಿನ ಪುಟ್ಟ ಗಾತ್ರಕ್ಕೆ. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟು: ದಿನದ ಕೆಲಸಗಳಲ್ಲಿ ಎಷ್ಟನ್ನು ಫೋನ್ ತೆರೆಯದೇ ಮುಗಿಸುತ್ತೀರಿ? ಎಲ್ಲದಕ್ಕೂ ತೆರೆಯಲೇಬೇಕು ಅನ್ನುವುದಾದರೆ ನೀವು ಕೊಂಡದ್ದು ನಾಜೂಕಾದ, ದುಬಾರಿಯಾದ ಸಾದಾ ಫೋನು.

ಭಾರತದ ಅಂಗಡಿಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಎರಡು ಮನೆತನ: ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಝಡ್ ಫ್ಲಿಪ್ ಮತ್ತು ಮೊಟೊರೊಲಾದ ರೇಜರ್. ಝಡ್ ಫ್ಲಿಪ್ 6 (2024) ಮತ್ತು ಫ್ಲಿಪ್ 7 (2025) ಎರಡೂ ಬಿಡುಗಡೆಯಲ್ಲಿ 1,09,999 ರೂಪಾಯಿಗೆ ಬಂದವು. ರೇಜರ್ 50 ಬಂದದ್ದು 64,999ಕ್ಕೆ, ಅದರ ಮುಂದಿನ ರೇಜರ್ 60 ಬಂದದ್ದು 49,999ಕ್ಕೆ. ಕೆಳಗಿನ ಪರೀಕ್ಷೆಗಳನ್ನು ಈ ಎರಡು ಮನೆತನಗಳನ್ನು ಇಟ್ಟುಕೊಂಡೇ ಹೇಳಿದ್ದೇವೆ. ಬೇರೆ ಕಂಪನಿಯ ಫ್ಲಿಪ್‌ಗೂ ಹೊಂದುತ್ತವೆ.

ಹೆಜ್ಜೆ 1: ಮುಚ್ಚಿಟ್ಟೇ ಐದು ಕೆಲಸ ಮಾಡಿ

ಡೆಮೊ ಫೋನ್ ಕೈಗೆ ತಗೊಂಡು, ತೆರೆಯದೆ, ಮುಚ್ಚಳದ ಮೇಲಿನ ಹೊರಪರದೆಯಲ್ಲೇ ಈ ಐದನ್ನು ಮಾಡಿ ನೋಡಿ. ಒಂದು ಕರೆ ತೆಗೆದುಕೊಳ್ಳಿ. ವಾಟ್ಸ್‌ಆ್ಯಪ್‌ಗೆ ಕನ್ನಡದಲ್ಲಿ ಒಂದು ಸಾಲು ಉತ್ತರ ಬರೆಯಿರಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಮ್ಯಾಪ್‌ನಲ್ಲಿ ಒಂದು ದಾರಿ ಹಾಕಿ. ಹಾಡು ಬದಲಿಸಿ.

ಕರೆ ಮತ್ತು ಹಾಡು ಎಲ್ಲದರಲ್ಲೂ ಆಗುತ್ತವೆ. ಎಡವುವುದು ನಡುವಿನ ಮೂರು. ಪರದೆಯ ಗಾತ್ರವೇ ಇಲ್ಲಿ ಅರ್ಧ ತೀರ್ಮಾನ ಮಾಡಿಬಿಡುತ್ತದೆ. 2020ರ ಮೊದಲ ಝಡ್ ಫ್ಲಿಪ್‌ನಲ್ಲಿ ಹೊರಪರದೆ 1.1 ಇಂಚು, ಗಂಟೆ ನೋಡಬಹುದಿತ್ತು, ಅಷ್ಟೇ. ಫ್ಲಿಪ್ 3 ಮತ್ತು 4ರಲ್ಲಿ 1.9 ಇಂಚಾಯಿತು, ಫ್ಲಿಪ್ 5 ಮತ್ತು 6ರಲ್ಲಿ 3.4, ಫ್ಲಿಪ್ 7ರಲ್ಲಿ 4.1. ರೇಜರ್ 40ರಲ್ಲಿ 1.5 ಇದ್ದದ್ದು ರೇಜರ್ 50ರಲ್ಲಿ 3.6ಕ್ಕೆ ಜಿಗಿಯಿತು. ಮೂರು ಇಂಚಿಗಿಂತ ಕಡಿಮೆ ಇರುವ ಹೊರಪರದೆ ಒಂದು ದುಬಾರಿ ಕೈಗಡಿಯಾರ ಅಂದುಕೊಳ್ಳಿ. ಹಳೆಯ ಮಾಡೆಲ್ ಅಗ್ಗಕ್ಕೆ ಸಿಗುತ್ತದೆ ಅಂತ ಫ್ಲಿಪ್ 4 ಅಥವಾ ರೇಜರ್ 40 ಕೊಳ್ಳುವವರು ಮೋಸ ಹೋಗುವುದು ಇಲ್ಲೇ.

ಗಾತ್ರ ಇದ್ದರೆ ಸಾಲದು, ತಂತ್ರಾಂಶವೂ ಬಿಡಬೇಕು. ಮೊಟೊರೊಲಾ ಹೆಚ್ಚುಕಡಿಮೆ ಎಲ್ಲ ಆ್ಯಪ್‌ಗಳನ್ನೂ ಹೊರಪರದೆಯಲ್ಲಿ ಓಡಲು ಬಿಡುತ್ತದೆ. ಸ್ಯಾಮ್‌ಸಂಗ್ ತಾನಾಗಿ ಕೊಡುವುದು ವಿಜೆಟ್‌ಗಳು ಮತ್ತು ಆಯ್ದ ಕೆಲವು ಆ್ಯಪ್ ಮಾತ್ರ. ಉಳಿದವು ಬೇಕೆಂದರೆ ಗ್ಯಾಲಕ್ಸಿ ಸ್ಟೋರ್‌ನಿಂದ ಗುಡ್ ಲಾಕ್ ಅನ್ನುವ ಸ್ಯಾಮ್‌ಸಂಗ್‌ನದೇ ಆ್ಯಪ್ ಹಾಕಿ, ಅದರೊಳಗೆ ಮಲ್ಟಿಸ್ಟಾರ್ ಅನ್ನುವ ಭಾಗವನ್ನು ಇಳಿಸಿಕೊಂಡು, ಆ್ಯಪ್‌ಗಳನ್ನು ಒಂದೊಂದಾಗಿ ಸೇರಿಸಬೇಕು. ಒಮ್ಮೆ ಮಾಡಿಟ್ಟರೆ ಮುಗಿಯಿತು, ನಿಜ. ಆದರೆ ಆ್ಯಪ್ ಸೇರಿಸುವುದು ಒಂದು ಮಾತು, ಅದು ಆ ಚಿಕ್ಕ ಚೌಕದಲ್ಲಿ ಸರಿಯಾಗಿ ಕೂರುವುದು ಇನ್ನೊಂದು. ಯುಪಿಐ ಆ್ಯಪ್ ತೆರೆದು ಪಿನ್ ಒತ್ತುವ ಪುಟದವರೆಗೂ ಹೋಗಿ ನೋಡಿ. ಕೆಳಗಿನ ಗುಂಡಿಯೊಂದು ಕ್ಯಾಮೆರಾ ಕಣ್ಣಿನ ಹಿಂದೆ ಅಡಗಿ ಕೂತರೆ ತರಕಾರಿ ಅಂಗಡಿ ಮುಂದೆ ದಿನಾ ಫೋನ್ ತೆರೆಯಬೇಕಾಗುತ್ತದೆ.

ಕನ್ನಡ ಬರವಣಿಗೆಗೆ ಇನ್ನೂ ಒಂದು ಮಾತು. ಕೀಬೋರ್ಡ್ ಎದ್ದು ಬಂದರೆ ಹೊರಪರದೆಯ ಬಹುಪಾಲು ಅದೇ ನುಂಗುತ್ತದೆ, ನೀವು ಬರೆಯುತ್ತಿರುವ ಸಾಲು ಇಣುಕಿ ನೋಡುವಷ್ಟು ಉಳಿಯುತ್ತದೆ. ಕನ್ನಡ ವರ್ಣಮಾಲೆಯ ಕೀಬೋರ್ಡ್‌ನಲ್ಲಿ ಕೀಲಿಗಳು ಇಂಗ್ಲಿಷಿಗಿಂತ ಹೆಚ್ಚು, ಹಾಗಾಗಿ ಒಂದೊಂದೂ ಇನ್ನಷ್ಟು ಸಣ್ಣ. ಒತ್ತಕ್ಷರ ಹಾಕುವಷ್ಟರಲ್ಲಿ ಹೆಬ್ಬೆರಳು ಪಕ್ಕದ ಕೀಲಿಯ ಮೇಲಿರುತ್ತದೆ. ‘ಆಯ್ತು, ಬರ್ತೀನಿ’ ಅನ್ನುವಷ್ಟಕ್ಕೆ ತೊಂದರೆಯಿಲ್ಲ. ಉದ್ದ ಬರೆಯುವವರು ಧ್ವನಿ ಟೈಪಿಂಗ್ ಕನ್ನಡದಲ್ಲಿ ಕೆಲಸ ಮಾಡುತ್ತದೆಯೇ ಅಂತ ಅಲ್ಲೇ ಮಾತಾಡಿ ನೋಡಿಕೊಳ್ಳಿ.

ಐದರಲ್ಲಿ ನಾಲ್ಕು ಆದರೆ ಮುಂದಿನ ಹೆಜ್ಜೆಗೆ ಹೋಗಿ. ಎರಡೋ ಮೂರೋ ಆದರೆ ಫೋನ್ ಕೆಳಗಿಡುವುದೇ ಲೇಸು.

ಹೆಜ್ಜೆ 2: ಕೀಲು ಮತ್ತು ಮಡಿಕೆ

ಈಗ ತೆರೆಯಿರಿ. ಪೂರ್ತಿ ತೆರೆಯಬೇಡಿ, ಮೊದಲು ನೇರ 90 ಡಿಗ್ರಿ, ಆಮೇಲೆ ಅದಕ್ಕಿಂತ ಸ್ವಲ್ಪ ಕಡಿಮೆ, ಆಮೇಲೆ ಸ್ವಲ್ಪ ಹೆಚ್ಚು. ಪ್ರತಿ ಸಲ ಕೈ ಬಿಟ್ಟು ನೋಡಿ. ಒಳ್ಳೆಯ ಕೀಲು ನಡುವಿನ ಕೋನಗಳಲ್ಲಿ ನಿಂತಲ್ಲೇ ನಿಲ್ಲುತ್ತದೆ. ಮೇಲಿನ ಭಾಗ ತಾನಾಗಿ ಹಿಂದಕ್ಕೆ ಬಾಗಿದರೆ ಅಥವಾ ಮುಂದಕ್ಕೆ ಕವಿದರೆ ಕೀಲು ಸಡಿಲ. ಈ ನಿಲ್ಲುವ ಗುಣವೇ ಫ್ಲಿಪ್‌ನ ದೊಡ್ಡ ಲಾಭ ಕೂಡ: ಮೇಜಿನ ಮೇಲೆ, ಕಟ್ಟೆಯ ಮೇಲೆ, ಎಲ್ಲಿಟ್ಟರೂ ತನಗೆ ತಾನೇ ಸ್ಟ್ಯಾಂಡ್. ವಿಡಿಯೊ ಕರೆಗೆ, ಅಡುಗೆ ವಿಡಿಯೊ ತೆಗೆಯುವುದಕ್ಕೆ, ಮನೆಮಂದಿಯೆಲ್ಲ ಸೇರಿದ ಫೋಟೊಗೆ ಇದಕ್ಕಿಂತ ಅನುಕೂಲದ ಫೋನಿಲ್ಲ. ಸೆಲ್ಫಿ ತೆಗೆಯುವಾಗಲೂ ಮುಚ್ಚಿದ ಸ್ಥಿತಿಯಲ್ಲಿ ಹಿಂದಿನ ಮುಖ್ಯ ಕ್ಯಾಮೆರಾವನ್ನೇ ಬಳಸಿ, ಹೊರಪರದೆಯಲ್ಲಿ ಮುಖ ನೋಡಿಕೊಳ್ಳಬಹುದು. ಸಾದಾ ಫೋನುಗಳ ಮುಂದಿನ ಚಿಕ್ಕ ಕ್ಯಾಮೆರಾಕ್ಕೂ ಇದಕ್ಕೂ ರಾತ್ರಿಯ ಬೆಳಕಿನಲ್ಲಿ ಅಜಗಜಾಂತರ.

ತೆರೆದು ಮುಚ್ಚುವಾಗ ಕಿವಿ ಹತ್ತಿರ ಹಿಡಿಯಿರಿ. ಕೇಳಬೇಕಾದದ್ದು ಮೆದುವಾದ ಸದ್ದು. ಕರಕರ ಅಂದರೆ ಒಳಗೆ ಧೂಳು ಸೇರಿದೆ.

ಆಮೇಲೆ ಮಡಿಕೆ. ಪರದೆ ಆರಿಸಿ, ಕಪ್ಪಾದ ಮೇಲೆ ಫೋನನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿಯಿರಿ. ನಡುವೆ ಇಸ್ತ್ರಿ ಗೆರೆಯಂತೆ ಒಂದು ತಗ್ಗು ಕಾಣುತ್ತದೆ. ಬೆಳಕಿನ ಪಟ್ಟಿ ಅಲ್ಲಿ ಸ್ವಲ್ಪ ಬಳುಕುತ್ತದೆ. ಇದು ದೋಷವಲ್ಲ, ಎಲ್ಲ ಫ್ಲಿಪ್‌ನಲ್ಲೂ ಇರುವಂಥದ್ದು. ಹೆಬ್ಬೆರಳು ಮೇಲಿಂದ ಕೆಳಕ್ಕೆ ಎಳೆದರೆ ಕೈಗೂ ತಾಕುತ್ತದೆ. ಪರದೆ ಬೆಳಗಿದಾಗ, ನೇರ ನೋಡಿದರೆ ಕಾಣದು, ವಾರದೊಳಗೆ ಮರೆತೂ ಹೋಗುತ್ತದೆ. ಆದರೆ ಬಿಸಿಲಲ್ಲಿ ನಿಂತು ಓದುವವರಿಗೆ ಮರೆಯುವುದಿಲ್ಲ.

ಯಾಕೆ ಈ ಗೆರೆ? ಒಳಪರದೆಯ ಮೇಲಿರುವುದು ನಮಗೆ ಗೊತ್ತಿರುವ ದಪ್ಪ ಗಾಜಲ್ಲ. ಮೊದಲ ಝಡ್ ಫ್ಲಿಪ್‌ನ ಗಾಜು 30 ಮೈಕ್ರಾನ್ ದಪ್ಪ, ಅಂದರೆ ತಲೆಗೂದಲಿಗಿಂತ ತೆಳು. ಅಷ್ಟು ತೆಳುವಾದ್ದರಿಂದಲೇ ಅದು ಒಡೆಯದೆ ಬಾಗುತ್ತದೆ. ಅದರ ಮೇಲೆ ಮೆದು ಪ್ಲಾಸ್ಟಿಕ್ ಪದರ. ನೀವು ಮುಟ್ಟುವುದು ಆ ಪ್ಲಾಸ್ಟಿಕನ್ನೇ, ಆದ್ದರಿಂದಲೇ ಉಗುರಿನ ತುದಿ ಒತ್ತಿದರೂ ಗುರುತು ಉಳಿಯುತ್ತದೆ. ಒಂದೇ ಕೈಯಲ್ಲಿ ತೆರೆಯುವ ಹುಮ್ಮಸ್ಸಿನಲ್ಲಿ ಎರಡು ಅಂಚಿನ ನಡುವೆ ಹೆಬ್ಬೆರಳಿನ ಉಗುರು ತೂರಿಸುತ್ತೇವಲ್ಲ, ಅದೇ ಜಾಗದಲ್ಲಿ ಗೀರುಗಳು ಏಳುವುದು. ಎರಡು ಕೈಯಲ್ಲಿ ತೆರೆಯುವುದು ರೂಢಿಯಾಗಲಿ.

ಸ್ಯಾಮ್‌ಸಂಗ್ ತನ್ನ ಫ್ಲಿಪ್‌ಗಳನ್ನು 2 ಲಕ್ಷ ಸಲ ಮಡಚಿ ಪರೀಕ್ಷಿಸಿದ್ದಾಗಿ ಹೇಳುತ್ತಾ ಬಂದಿದೆ. ದಿನಕ್ಕೆ ನೂರು ಸಲ ಅಂದರೂ 2,000 ದಿನ, ಹೆಚ್ಚುಕಡಿಮೆ ಐದೂವರೆ ವರ್ಷ. ಸಂಖ್ಯೆ ಧೈರ್ಯ ಕೊಡುತ್ತದೆ. ಆದರೆ ಪರೀಕ್ಷೆಯ ಕೋಣೆಯಲ್ಲಿ ಅಕ್ಕಿಕಾಳು ಇರುವುದಿಲ್ಲ, ಜೇಬಿನ ಕಸ ಇರುವುದಿಲ್ಲ. ಮಡಚಿ ಮಡಚಿ ಸವೆಯುವುದಕ್ಕಿಂತ ಏನೋ ಸಿಕ್ಕಿಹಾಕಿಕೊಂಡು ಹೋಗುವ ಭಯವೇ ಈ ಪರದೆಗೆ ಹೆಚ್ಚು. ಒಳಗೆ ಹತ್ತು ರೂಪಾಯಿ ನೋಟು, ಬಸ್ ಟಿಕೆಟ್ ಇಟ್ಟು ಮುಚ್ಚುವ ಅಭ್ಯಾಸ ಬೇಡವೇ ಬೇಡ.

ಹೆಜ್ಜೆ 3: ಧೂಳು, ನೀರು, ಬಿಸಿಲು

ಪೆಟ್ಟಿಗೆ ಮೇಲೆ ಐಪಿ ಅಂತ ಶುರುವಾಗುವ ಅಂಕಿ ಹುಡುಕಿ. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಫ್ಲಿಪ್ 3, 4, 5 ಮತ್ತು ರೇಜರ್ 50ಕ್ಕೆ ಇರುವುದು ಐಪಿಎಕ್ಸ್8: ನೀರಿಗೆ 8, ಧೂಳಿನ ಜಾಗದಲ್ಲಿ ಎಕ್ಸ್, ಅಂದರೆ ಧೂಳಿನ ಅಂಕಿ ಏನೂ ಇಲ್ಲ. ಫ್ಲಿಪ್ 6, 7 ಮತ್ತು ರೇಜರ್ 60 ಐಪಿ48. ಇಲ್ಲಿನ 4 ಅಂದರೆ 1 ಮಿಲಿಮೀಟರಿಗಿಂತ ದಪ್ಪನಾದದ್ದು ಒಳಹೋಗದು. ಸಣ್ಣ ಜಲ್ಲಿ ತಡೆಯುತ್ತದೆ, ಹಿಟ್ಟು ತಡೆಯುವುದಿಲ್ಲ. ಮಲ್ಪೆಯ ಮರಳು, ರಂಗೋಲಿ ಪುಡಿ, ಗಿರಣಿಯ ಹಿಟ್ಟು, ಕಟ್ಟಡದ ಸಿಮೆಂಟು, ಹೋಳಿಯ ಬಣ್ಣ ಎಲ್ಲವೂ 1 ಮಿಲಿಮೀಟರಿಗಿಂತ ಸಣ್ಣವೇ.

ಹಾಗಾಗಿ ವಿಚಿತ್ರ ಅನ್ನಿಸಿದರೂ ನಿಜ ಇದು: ಮಲೆನಾಡಿನ ಮಳೆಗೆ ಈ ಫೋನ್ ಅಂಜಬೇಕಿಲ್ಲ, ಬಯಲುಸೀಮೆಯ ಗಾಳಿಗೆ ಅಂಜಬೇಕು. 8 ಅನ್ನುವ ಅಂಕಿಯೂ ಸಿಹಿನೀರಿಗೆ ಮಾತ್ರ. ಸ್ಯಾಮ್‌ಸಂಗ್ ಹೇಳುವುದು ಒಂದೂವರೆ ಮೀಟರ್ ಆಳ, ಅರ್ಧ ಗಂಟೆ. ಸಮುದ್ರದ ನೀರು, ಸೋಪಿನ ನೀರು, ಕಾಫಿ ಆ ಲೆಕ್ಕಕ್ಕೆ ಬರುವುದಿಲ್ಲ, ಮತ್ತು ನೀರು ಹೊಕ್ಕ ಫೋನಿಗೆ ಸಾಮಾನ್ಯ ವಾರಂಟಿ ಸಿಗುವುದಿಲ್ಲ.

ಕೀಲಿನಲ್ಲಿ ಧೂಳು ಕಂಡರೆ ಮೆತ್ತನೆ ಒಣ ಬ್ರಷ್‌ನಿಂದ ಹೊರಕ್ಕೆ ಗುಡಿಸಿ. ರಿಪೇರಿ ಅಂಗಡಿಯ ಬ್ಲೋವರ್ ಹಿಡಿಸಬೇಡಿ. ಸಾದಾ ಫೋನಿನ ಚಾರ್ಜಿಂಗ್ ತೂತಿಗೆ ಅದು ಸರಿ. ಇಲ್ಲಿ ಹೊರಗಿದ್ದ ಕಣವನ್ನು ಹಲ್ಲುಚಕ್ರದ ನಡುವೆ ತಳ್ಳುತ್ತದೆ.

ಬೈಕಿನ ಹ್ಯಾಂಡಲ್‌ಗೆ ಹಾಕುವ ಮೊಬೈಲ್ ಹೋಲ್ಡರ್‌ಗೆ ಫ್ಲಿಪ್ ಹೊಂದುವುದಿಲ್ಲ. ಹೋಲ್ಡರ್‌ನ ಸ್ಪ್ರಿಂಗ್ ಕೈಗಳು ಫೋನಿನ ನಡುವನ್ನೇ ಹಿಡಿಯುತ್ತವೆ, ಅಲ್ಲೇ ಇದಕ್ಕೆ ಕೀಲು. ಪಕ್ಕದ ಬೆರಳಚ್ಚಿನ ಗುಂಡಿಯೂ ಒತ್ತಿಕೊಂಡೇ ಇರುತ್ತದೆ, ಮೇಲೆ ಧೂಳು, ಕೆಳಗೆ ಗುಂಡಿಯ ರಸ್ತೆ. ಡೆಲಿವರಿ ಕೆಲಸದವರು, ದಿನವಿಡೀ ಮ್ಯಾಪ್ ಹಾಕಿಕೊಂಡು ಓಡಾಡುವವರು ಇದನ್ನು ಕೊಳ್ಳಲೇಬಾರದು ಅನ್ನುವುದಕ್ಕೆ ಈ ಒಂದು ಕಾರಣ ಸಾಕು.

ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಪದರಗಳ ನಡುವಿನ ಅಂಟು ಸಡಿಲುತ್ತದೆ. ಕೊರೆಯುವ ಚಳಿಯಲ್ಲಿ ಅದೇ ಅಂಟು ಬಿಗಿಯುತ್ತದೆ. ಕೆನಡಾದಲ್ಲೋ ಅಮೆರಿಕದ ಉತ್ತರ ಭಾಗದಲ್ಲೋ ಇರುವವರು ರಾತ್ರಿಯೆಲ್ಲ ಕಾರಿನಲ್ಲೇ ಉಳಿದ ಫೋನನ್ನು ತಂದ ಕೂಡಲೇ ತೆರೆಯದೆ, ಕೋಣೆಯ ಬಿಸಿಗೆ ಹದಕ್ಕೆ ಬರಲು ಬಿಡಿ.

ಹೆಜ್ಜೆ 4: ಜೇಬು

ನೀವು ದಿನಾ ತೊಡುವ ಬಟ್ಟೆಯಲ್ಲೇ ಅಂಗಡಿಗೆ ಹೋಗಿ. ಫ್ಲಿಪ್ 5 ಅಥವಾ 6 ಮಡಚಿದರೆ 85 ಮಿಲಿಮೀಟರ್ ಎತ್ತರ, 72 ಅಗಲ, 15 ದಪ್ಪ, ತೂಕ 187 ಗ್ರಾಂ. ಅಂಗಿಯ ಜೇಬಿನಲ್ಲಿ ಪೂರ್ತಿ ಮುಳುಗುತ್ತದೆ, ಬಗ್ಗಿದಾಗ ಜಾರಿ ಬೀಳುವುದಿಲ್ಲ. ಕುರ್ತಾದ ಪುಟ್ಟ ಜೇಬು, ಚಿಕ್ಕ ಪರ್ಸು, ಇವಕ್ಕೆ ಸಾದಾ ಫೋನ್ ಎಂದೂ ಹಿಡಿಸಿಲ್ಲ, ಇದು ಹಿಡಿಸುತ್ತದೆ. ಬಿಗಿ ಜೀನ್ಸ್ ಹಾಕುವವರಿಗೆ ಮಾತ್ರ ತೊಡೆಯ ಮೇಲೆ ಸೋಪಿನ ಡಬ್ಬಿ ಇಟ್ಟಂತೆ ಉಬ್ಬಿ ಕಾಣುತ್ತದೆ. ಫ್ಲಿಪ್ 7ರಲ್ಲಿ ದಪ್ಪ 13.7ಕ್ಕೆ ಇಳಿದಿದೆ, ಆ ಒಂದು ಮಿಲಿಮೀಟರ್ ಚಿಲ್ಲರೆ ಕೈಗೆ ಗೊತ್ತಾಗುತ್ತದೆ.

ಕವರ್ ಹಾಕಿದರೆ ಈ ಲೆಕ್ಕ ಕೆಡುತ್ತದೆ. ಫ್ಲಿಪ್‌ನ ಕವರ್ ಎರಡು ತುಂಡು, ಮೇಲಿನದಕ್ಕೆ ಹಲವು ಸಲ ಅಂಟಿನ ಪಟ್ಟಿ. ಕೆಲವು ತಿಂಗಳಲ್ಲಿ ಅದು ಜಾರಲು ಶುರುವಾಗುತ್ತದೆ. ಕೀಲನ್ನೂ ಮುಚ್ಚುವ ಕವರ್ ದಪ್ಪ ಹೆಚ್ಚಿಸಿದರೂ ಬಿದ್ದಾಗ ಉಳಿಸುತ್ತದೆ.

ಹಗುರವಾಗಿ ತೆಗೆದುಕೊಳ್ಳಬಾರದ ಒಂದು ಎಚ್ಚರಿಕೆ ಇದೆ. ಎರಡು ಅರ್ಧಗಳೂ ಕಚ್ಚಿಕೊಳ್ಳಲೆಂದು ಒಳಗೆ ಅಯಸ್ಕಾಂತಗಳಿವೆ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇದನ್ನು ಅಂಗಿಯ ಜೇಬಿನಲ್ಲಿ ಇಡಬಾರದು. ಕನಿಷ್ಠ 15 ಸೆಂಟಿಮೀಟರ್ ದೂರ ಇರಲಿ, ಕೊಳ್ಳುವ ಮುನ್ನ ವೈದ್ಯರನ್ನು ಕೇಳಿ. ಹಳೆಯ ಮ್ಯಾಗ್ನೆಟಿಕ್ ಪಟ್ಟಿಯ ಕಾರ್ಡುಗಳನ್ನೂ ಇದರ ಜೊತೆ ಇಡಬೇಡಿ.

ಹೆಜ್ಜೆ 5: ಬ್ಯಾಟರಿ

ಕೀಲಿಗೆ ಜಾಗ ಬಿಡಬೇಕಾದ್ದರಿಂದ ಫ್ಲಿಪ್‌ನಲ್ಲಿ ಬ್ಯಾಟರಿ ಒಂದಲ್ಲ, ಎರಡು ಸಣ್ಣವು, ಅರ್ಧಕ್ಕೊಂದು. ಫ್ಲಿಪ್ 3ರಲ್ಲಿ ಎರಡೂ ಸೇರಿ 3,300 ಎಂಎಎಚ್, 4 ಮತ್ತು 5ರಲ್ಲಿ 3,700, 6ರಲ್ಲಿ 4,000, 7ರಲ್ಲಿ 4,300. ರೇಜರ್ 50ರಲ್ಲಿ 4,200, ರೇಜರ್ 60ರಲ್ಲಿ 4,500. ಇಪ್ಪತ್ತು ಸಾವಿರದ ಸಾದಾ ಫೋನೂ 5,000 ಕೊಡುವ ಕಾಲದಲ್ಲಿ ಇದು ಕಡಿಮೆಯೇ. 4,000ದ ಕೆಳಗಿನದನ್ನು ಈಗ ಕೊಳ್ಳಬೇಡಿ. ಬಳಸಿದ ಫ್ಲಿಪ್ 3 ಅಂತೂ ಸಂಜೆಯ ಹೊತ್ತಿಗೆ ಚಾರ್ಜರ್ ಹುಡುಕಿಸುತ್ತದೆ. ಹೊರಪರದೆ ಇಲ್ಲಿ ಮತ್ತೆ ನೆರವಿಗೆ ಬರುತ್ತದೆ: ಚಿಕ್ಕ ಕೆಲಸಗಳನ್ನು ಅದರಲ್ಲೇ ಮುಗಿಸಿದಷ್ಟೂ ದೊಡ್ಡ ಪರದೆಯ ಖರ್ಚು ಉಳಿಯುತ್ತದೆ.

ಹೆಜ್ಜೆ 6: ಬಿಲ್ ಮಾಡಿಸುವ ಮುನ್ನ ಸರ್ವಿಸ್ ಸೆಂಟರ್‌ಗೆ ಹೋಗಿ

ಬಹಳ ಜನ ಬಿಡುವ ಹೆಜ್ಜೆ ಇದು, ಹಾಗೆಯೇ ಹೆಚ್ಚು ದುಡ್ಡು ಉಳಿಸುವುದೂ ಇದೇ. ಸಾದಾ ಫೋನಿನ ಗಾಜು ಒಡೆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲೋ ಗಾಜು ಮಾತ್ರ ಬದಲಿಸಿಕೊಂಡು ಬರಬಹುದು. ಫ್ಲಿಪ್‌ನ ಒಳಪರದೆಗೆ ಆ ದಾರಿ ಇಲ್ಲ. ಪದರಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬದಲಿಸಿದರೆ ಇಡೀ ಪರದೆ, ಹಲವು ಸಲ ಚೌಕಟ್ಟು ಮತ್ತು ಕೀಲಿನ ಸಮೇತ. ಅದರ ಬೆಲೆಗೆ ಒಂದು ಒಳ್ಳೆಯ ಸಾದಾ ಫೋನೇ ಬರುತ್ತದೆ.

ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಈ ನಾಲ್ಕನ್ನು ಕೇಳಿ, ಬರೆದುಕೊಳ್ಳಿ. ಒಳಪರದೆ ಬದಲಿಸಲು ತೆರಿಗೆ, ಕೂಲಿ ಸೇರಿ ಎಷ್ಟು? ಆ ಕೆಲಸ ಈ ಊರಲ್ಲೇ ಆಗುತ್ತದೆಯೋ, ಬೇರೆ ಊರಿಗೆ ಕಳಿಸುತ್ತಾರೋ, ಎಷ್ಟು ದಿನ? ಪರದೆಯ ಮೇಲಿನ ಪ್ರೊಟೆಕ್ಟರ್ ಬದಲಿಸಲು ಎಷ್ಟು? ಕಂಪನಿಯ ವಿಮೆ ಕೊಂಡರೆ ಒಳಪರದೆ ಅದರಲ್ಲಿ ಬರುತ್ತದೆಯೇ, ವರ್ಷಕ್ಕೆ ಎಷ್ಟು ಸಲ, ಪ್ರತಿ ಸಲ ಕೈಯಿಂದ ಕೊಡಬೇಕಾದದ್ದೆಷ್ಟು, ಮತ್ತು ಫೋನ್ ಕೊಂಡ ಎಷ್ಟು ದಿನದೊಳಗೆ ವಿಮೆ ಮಾಡಿಸಬೇಕು?

ವಿಮೆಯ ಮೊತ್ತವನ್ನು ಫೋನಿನ ಬೆಲೆಗೆ ಸೇರಿಸಿಯೇ ಹೋಲಿಸಿ. ವಿಮೆ ಬೇಡ ಅನ್ನುವವರು ಫ್ಲಿಪ್ ಬೇಡ ಅನ್ನುವುದೂ ಒಳ್ಳೆಯದು.

ಪ್ರೊಟೆಕ್ಟರ್ ವಿಷಯ ಬಿಡಿಸಿ ಹೇಳಬೇಕು. ಕಾರ್ಖಾನೆಯಲ್ಲೇ ಅಂಟಿಸಿದ ತೆಳು ಹಾಳೆ ಅದು, ಪೆಟ್ಟಿಗೆಯಿಂದ ತೆಗೆದಾಗ ಕಿತ್ತೆಸೆಯುವ ಹಾಳೆಯಲ್ಲ. ತಿಂಗಳುಗಳು ಕಳೆದಂತೆ ಮಡಿಕೆಯ ನಡುವೆ ಬಿಳಿ ಗೆರೆಯಂತೆ ಗಾಳಿ ಸೇರುತ್ತದೆ, ಮೆಲ್ಲಗೆ ಅಂಚಿನವರೆಗೆ ಹರಡುತ್ತದೆ. ಪರದೆಯೇ ಬಿರುಕು ಬಿಟ್ಟಿತೇನೋ ಅಂತ ಗಾಬರಿಯಾಗುವುದು ಬೇಡ. ಹಾಗಂತ ಉಗುರು ಹಾಕಿ ಎಬ್ಬಿಸಲೂ ಬಾರದು, ಅದರ ಜೊತೆ ಕೆಳಗಿನ ಪದರವೂ ಏಳಬಹುದು. ಮಾರುಕಟ್ಟೆಯ ಟೆಂಪರ್ಡ್ ಗ್ಲಾಸ್ ಅಂಟಿಸುವುದಂತೂ ನೇರ ಪರದೆ ಕಳಕೊಳ್ಳುವ ದಾರಿ. ಬಾಗದ ಗಾಜನ್ನು ಮಡಚಿದರೆ ಏನಾಗುತ್ತದೆ ಹೇಳಬೇಕಿಲ್ಲ. ಗೆರೆ ಹರಡುವ ಮೊದಲೇ ಸರ್ವಿಸ್ ಸೆಂಟರ್‌ನಲ್ಲಿ ಬದಲಿಸಿ.

ಬಳಸಿದ ಫೋನ್ ಆದರೆ

ಸ್ಯಾಮ್‌ಸಂಗ್ ಪ್ರತಿ ವರ್ಷ ಜುಲೈ ಸುಮಾರಿಗೆ ಹೊಸ ಫ್ಲಿಪ್ ತರುತ್ತದೆ, ಹಳೆಯದರ ಬೆಲೆ ದಸರಾ ದೀಪಾವಳಿ ಹೊತ್ತಿಗೆ ಚೆನ್ನಾಗಿ ಇಳಿದಿರುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೂ ಇಳಿಯುತ್ತದೆ, ಏಕೆಂದರೆ ಒಳಪರದೆಯ ಆಯಸ್ಸು ಎಷ್ಟು ಉಳಿದಿದೆ ಅಂತ ಯಾರಿಗೂ ಗೊತ್ತಿಲ್ಲ. ಕೊಳ್ಳಲೇಬೇಕೆಂದರೆ ಸ್ಯಾಮ್‌ಸಂಗ್ ಫೋನಿನ ಡಯಲರ್‌ನಲ್ಲಿ *#0*# ಒತ್ತಿ. ಪರೀಕ್ಷೆಯ ಪಟ್ಟಿ ತೆರೆಯುತ್ತದೆ. ಕೆಂಪು, ಹಸಿರು, ನೀಲಿ ಪರದೆ ಒಂದೊಂದಾಗಿ ತುಂಬಿಸಿ, ಮಡಿಕೆಯ ಪಕ್ಕದಲ್ಲಿ ಕಪ್ಪು ಚುಕ್ಕೆ ಅಥವಾ ಬಣ್ಣದ ನೇರ ಗೆರೆ ಇದೆಯೇ ನೋಡಿ. ಕೂದಲೆಳೆಯಷ್ಟು ಒಂದು ಗೆರೆ ಕಂಡರೂ ಬಿಟ್ಟುಬಿಡಿ, ಅದು ಅಗಲವಾಗುವುದೇ ಹೊರತು ಮಾಯುವುದಿಲ್ಲ. ಟಚ್ ಪರೀಕ್ಷೆಯಲ್ಲಿ ಚೌಕಗಳೆಲ್ಲ ತುಂಬಬೇಕು, ಮಡಿಕೆಯ ಸಾಲಿನವೂ.

*#06# ಒತ್ತಿದರೆ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ಬರುತ್ತದೆ. ಇಂಗ್ಲಿಷಿನಲ್ಲಿ ಕೆ, ವೈ, ಎಂ ಅಕ್ಷರಗಳು, ಒಂದು ಸ್ಪೇಸ್, ಆಮೇಲೆ ಆ 15 ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕದ್ದದ್ದೆಂದು ತಡೆಹಿಡಿದ ಫೋನಾದರೆ ಉತ್ತರದಲ್ಲಿ ತಿಳಿಯುತ್ತದೆ. ತಂತ್ರಾಂಶದ ಆಯಸ್ಸನ್ನೂ ಲೆಕ್ಕಕ್ಕೆ ಹಿಡಿಯಿರಿ. ಫ್ಲಿಪ್ 6 ಮತ್ತು 7ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿದೆ, ಫ್ಲಿಪ್ 5ಕ್ಕೆ ಭದ್ರತೆಯ ಅಪ್‌ಡೇಟ್ ಐದು ವರ್ಷ.

ಬರೀ ಆ ‘ಟಪ್’ ಸದ್ದಿಗಾಗಿ ಆಸೆಪಟ್ಟವರಿಗೆ ಕೀಪ್ಯಾಡಿನ ನೋಕಿಯಾ 2660 ಫ್ಲಿಪ್ ಇದೆ. 2022ರಲ್ಲಿ 4,699 ರೂಪಾಯಿಗೆ ಬಂತು. 4ಜಿ ಕರೆ, ಎಫ್‌ಎಂ, ದೊಡ್ಡ ಗುಂಡಿಗಳು, ತುರ್ತು ಕರೆಗೆ ಬೇರೆ ಗುಂಡಿ. ವಾಟ್ಸ್‌ಆ್ಯಪ್ ಇಲ್ಲ. ವಯಸ್ಸಾದ ಅಪ್ಪ ಅಮ್ಮನಿಗೆ ಚೆನ್ನಾಗಿ ಒಪ್ಪುತ್ತದೆ. 2004ರ ಹಳೆಯ ಮೊಟೊರೊಲಾ ರೇಜರ್ ವಿ3 ಎಲ್ಲಿಂದಲೋ ಸಿಕ್ಕಿತೆಂದು ಖುಷಿಪಡುವವರು ನೆನಪಿಡಿ: ಅದು 2ಜಿ ಫೋನು, ಜಿಯೊ ಸಿಮ್‌ನಲ್ಲಿ ಕೆಲಸವೇ ಮಾಡುವುದಿಲ್ಲ.

ಕೊಂಡ ದಿನವೇ ಮಾಡಬೇಕಾದದ್ದು

ಫೋನ್ ಮನೆಗೆ ಬಂದ ಸಂಜೆಯೇ ಫೋಟೊ, ಸಂಪರ್ಕಗಳು, ವಾಟ್ಸ್‌ಆ್ಯಪ್ ಮೂರಕ್ಕೂ ತಾನಾಗಿ ಬ್ಯಾಕಪ್ ಆಗುವಂತೆ ಹಾಕಿ, ಒಂದು ಸಲ ಪೂರ್ತಿ ಮುಗಿಯುವವರೆಗೆ ಕಾಯಿರಿ. ಸಾದಾ ಫೋನಿನ ಗಾಜು ಒಡೆದರೂ ಬಿರುಕಿನ ನಡುವೆ ಪಾಸ್‌ವರ್ಡ್ ಒತ್ತಬಹುದು. ಫ್ಲಿಪ್‌ನ ಒಳಪರದೆ ಹೋದರೆ ಪೂರ್ತಿ ಕತ್ತಲಾಗಬಹುದು, ಹೆಚ್ಚಾಗಿ ಮುನ್ಸೂಚನೆ ಇಲ್ಲದೆ, ಬೆಳಗ್ಗೆ ತೆರೆದಾಗ. ಹೊರಪರದೆ ಬದುಕಿರುತ್ತದೆ, ಕರೆ ಬಂದರೆ ತೆಗೆಯಬಹುದು. ಆದರೆ ಒಳಗಿನ ಕಡತಗಳನ್ನು ಬೇರೆ ಕಡೆ ಸಾಗಿಸಲು ಒಪ್ಪಿಗೆಯ ಗುಂಡಿ ಒತ್ತಬೇಕಾದದ್ದು ಆ ಕತ್ತಲ ಪರದೆಯ ಮೇಲೇ.